ಹಲಸಿನ ಹಲಗೆಯಲ್ಲಿ ಕೆತ್ತಿದ ದಫ್

ಸುಳ್ಯದ ನನ್ನ ಅಂಗಡಿಯಲ್ಲಿ ಬಾಗಿಲು, ಕಿಟಕಿ, ಮಂಚ ಎಲ್ಲ ಮಾಡುತ್ತೇವೆ. ಅವುಗಳ ನಡುವೆ ನಾನು ಕೆತ್ತಿಟ್ಟ ಹಲಗೆಗಳ ಮುಂದೆ ಬಂದವರು ಒಮ್ಮೆ ನಿಲ್ಲುತ್ತಾರೆ. ಹೂವಿಲ್ಲ, ಬಳ್ಳಿಯಿಲ್ಲ, ಉದ್ದಕ್ಕೂ ಬರೀ ಗುಳಿ ಮತ್ತು ಗೀರು. ಅರಂತೋಡಿನಿಂದ ಕಿಟಕಿಯ ಅಳತೆ ಕೊಡಲು ಬಂದವರೊಬ್ಬರು, "ಇದೆಂತ ಮಾರಾಯ್ರೆ, ಗೆದ್ದಲು ಹಿಡಿದದ್ದಾ?" ಎಂದು ಕೇಳಿದ್ದರು. ನನ್ನ ಹೆಂಡತಿ ಅಷ್ಟು ಕಟುವಲ್ಲ. "ಬಟ್ಟೆ ಉಜ್ಜಲಿಕ್ಕೆ ಲಾಯ್ಕುಂಟು," ಎನ್ನುತ್ತಾಳೆ.

ಅದು ದಫ್‌ನ ತಾಳ. ದಫ್ ಎಂದರೆ ನಮ್ಮ ಬ್ಯಾರಿಗಳು ಸಾಲಾಗಿ ಕುಳಿತು, ಬೈತ್ ಎಂಬ ಭಕ್ತಿಪದ ಹಾಡುತ್ತ ಬಾರಿಸುವ ವಾದ್ಯ. ಮರದ ಬಳೆ, ಒಂದು ಮಗ್ಗುಲಿಗೆ ಆಡಿನ ಚರ್ಮ, ಇಷ್ಟೇ. ಗಲ್ಫಿಗೆ ಹೋದಾಗ ಒಂದು ದಫ್ ಕೊಂಡುಹೋಗಿದ್ದೆ. ಆದರೆ ನಮ್ಮ ರೂಮಿನಲ್ಲಿ ಒಬ್ಬನ ಡ್ಯೂಟಿ ಮುಗಿದರೆ ಇನ್ನೊಬ್ಬನದು ಶುರು, ಯಾವ ಹೊತ್ತಿಗೂ ಯಾರಾದರೊಬ್ಬರು ಮಲಗಿರುತ್ತಿದ್ದರು. ಸದ್ದು ಮಾಡಿದರೆ ಚಪ್ಪಲಿ ಹಾರಿಬರುತ್ತಿತ್ತು. ಕೈ ಸುಮ್ಮನಿರದೆ ಮರದ ತುಂಡೊಂದರಲ್ಲಿ ಉಳಿಯಿಂದ ಮೆಲ್ಲನೆ ಕೆತ್ತತೊಡಗಿದೆ. ಅಂಗೈಯ ದೊಡ್ಡ ಪೆಟ್ಟಾದರೆ ಗುಳಿ, ಬೆರಳಿನದಾದರೆ ಗೀರು, ನಿಲ್ಲುವಲ್ಲಿ ಮರವನ್ನು ಮುಟ್ಟುವುದಿಲ್ಲ. ಊರಿಗೆ ಬಂದ ಮೇಲೂ ಆ ಚಟ ಬಿಡಲಿಲ್ಲ.

ನನಗೆ ದಫ್ ಕಲಿಸಿದ ಉಸ್ತಾದರು ಮರ್ಕಂಜದಲ್ಲಿದ್ದಾರೆ. ವಯಸ್ಸಾಗಿ ಅವರಿಗೆ ಕಿವಿ ಹೆಚ್ಚುಕಡಿಮೆ ಕೇಳದಂತಾಯಿತು. ಒಂದು ಗುರುವಾರದ ಅಭ್ಯಾಸದಲ್ಲಿ ಹಾಡು ನಿಂತ ಮೇಲೂ ಅವರು ಬಾರಿಸುತ್ತಲೇ ಇದ್ದರು. ನಾವೆಲ್ಲ ತಲೆ ತಗ್ಗಿಸಿ ಕುಳಿತೆವು. ಆಮೇಲೆ ಅವರು ಬರಲೇ ಇಲ್ಲ. ಮಗಳು ತಂದುಕೊಟ್ಟ ಕಿವಿಯ ಮೆಷಿನ್ ಪೀಂ ಎನ್ನುತ್ತದೆಂದು ಕಪಾಟು ಸೇರಿತು. ಎಷ್ಟು ಕರೆದರೂ "ನನ್ನದು ಮುಗೀತು" ಎಂದು ಒಂದೇ ಮಾತು. ಅವರಿಲ್ಲದ ಸಾಲಿನಲ್ಲಿ ಕೂರಲು ನನಗೆ ಮನಸ್ಸೇ ಬರುತ್ತಿರಲಿಲ್ಲ. ಹೇಗಾದರೂ ಅವರನ್ನು ತಂದು ಕೂರಿಸಬೇಕೆಂದು ಹಟ ಹಿಡಿದೆ.

ಒಳ್ಳೆಯ ಹಲಸಿನ ಹಲಗೆಯೊಂದನ್ನು ಆರಿಸಿ, ಅವರು ಕಲಿಸಿದ ಮೊದಲ ಪಾಠವನ್ನು ಪೂರ್ತಿ ಕೆತ್ತಿದೆ. ಮರ್ಕಂಜಕ್ಕೆ ಹೋಗಿ ಅವರ ತೊಡೆಯ ಮೇಲಿಟ್ಟೆ. ಇದೇನೆಂದು ಹೇಳಲಿಲ್ಲ, ಹೇಳಿದರೂ ಕೇಳುತ್ತಿರಲಿಲ್ಲ. ಅವರು ಎಡದಿಂದ ಬೆರಳಾಡಿಸಿದರು. ಸ್ವಲ್ಪ ಹೊತ್ತಿಗೆ ತುಟಿ ಅಲುಗಿತು, ಗಡ್ಡ ಅಲುಗಿತು. ಬೈತ್ ಗುನುಗುತ್ತಿದ್ದರು! ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಬೆರಳು ಥಟ್ಟನೆ ನಿಂತಿತು.

"ಇಲ್ಲಿ ಓಡಿದ್ದೀ."

ಅಲ್ಲಿ ಗೀರುಗಳು ಒತ್ತೊತ್ತಾಗಿದ್ದುದು ನಿಜ. ಆದರೆ ಅಲ್ಲೇ ಮರದಲ್ಲಿ ಗಂಟು ಇತ್ತು. ಉಳಿ ಜಾರುತ್ತದೆಂದು ನಾನು ಆ ಗೀರುಗಳನ್ನೆಲ್ಲ ಅದರ ಈಚೆಗೇ ಮುಗಿಸಿದ್ದೆ. ಸಿಟ್ಟು ಬಂದು ಗಂಟನ್ನು ಬೆರಳಿಂದ ಕುಟ್ಟಿ ತೋರಿಸಿದೆ.

"ಹೌದಪ್ಪ, ಕುಣಿಯಲಿಕ್ಕೆ ಬಾರದವಳಿಗೆ ನೆಲ ಡೊಂಕು!" ಎಂದರು.

ಹಲಗೆಯನ್ನು ಮಗುಚಿ ತೊಡೆಗೆ ಒತ್ತಿಕೊಂಡು ನುಣುಪಾದ ಬೆನ್ನಿನ ಮೇಲೆ ಬಾರಿಸಿಯೇ ತೋರಿಸಿದರು. "ಹೀಗೆ. ನಿಲ್ಲಬೇಕು. ಮತ್ತೆ ಪೆಟ್ಟು." ಇನ್ನೊಮ್ಮೆ ಬಾರಿಸಿದವರು ಕೈ ತಡೆದು ತೊಡೆಯನ್ನೇ ನೋಡುತ್ತ ಕುಳಿತರು. "ಕೇಳುದಿಲ್ಲ ಮಾರಾಯ. ಆದ್ರೆ ಇಲ್ಲಿ ಗೊತ್ತಾಗ್ತದೆ."

ಚಹಾ ಬಂತು. ಅರ್ಧ ಕುಡಿದು ಗ್ಲಾಸು ಕೆಳಗಿಟ್ಟರು.

"ಗುರುವಾರ ಬರ್ತೇನೆ. ನೀನು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತ್ಕೋ. ನೀನು ಬಾರಿಸಿದ್ದು ನನಗೆ ಅಲ್ಲಿಂದ ಗೊತ್ತಾಗ್ತದೆ. ಹಾಡು ನಿಲ್ಲುವಾಗ ಒಮ್ಮೆ ಒತ್ತು, ಸಾಕು."

ಗುರುವಾರ ಸಂಜೆ ಮಗ್ರಿಬ್ ನಮಾಜು ಮುಗಿಸಿ ನಾವು ದಫ್ ಹಿಡಿದು ಸಾಲಾಗಿ ಕುಳಿತೆವು. ಅವರು ಬಂದರು, ಸಾಲಿನ ಮಧ್ಯದಲ್ಲಿ ನನ್ನ ಎಡಕ್ಕೆ ಕುಳಿತರು, ಬಾರಿಸಿದರು. ನನ್ನ ಜೀವವೆಲ್ಲ ಎಡ ಮೊಣಕಾಲಿನಲ್ಲಿತ್ತು. ಬೈತಿನ ಕೊನೆಯ ಸಾಲು ಮುಗಿಯುವಾಗ ಒತ್ತಿದೆ. ಹಾಡು ನಿಂತಿತು. ಅವರ ಕೈಯೂ ಎಲ್ಲರ ಜೊತೆ ನಿಂತಿತು. ನನ್ನ ಕಣ್ಣು ತುಂಬಿಬಂತು.

ಆ ಮೌನದಲ್ಲಿ ಉಸ್ತಾದರು, ಕಿವಿ ಕೇಳದವರ ದೊಡ್ಡ ದನಿಯಲ್ಲಿ ಹೇಳಿದರು: "ಇಷ್ಟು ಗಟ್ಟಿ ಒತ್ತುದಾ ಮಾರಾಯ! ಮುಂದಿನ ವಾರ ನನಗೆ ಕೂರ್ಲಿಕ್ಕೆ ಕಾಲು ಬೇಡ್ವಾ?"