ಕಾರಿಗೆ ಹಚ್ಚಿದ ಹುಣಸೆಹಣ್ಣು

ಈ ಜಗತ್ತಿನಲ್ಲಿ ಶುದ್ಧವಾದದ್ದು ಯಾವುದೂ ಬಹುಕಾಲ ಶುದ್ಧವಾಗಿ ಉಳಿಯುವುದಿಲ್ಲ. ಇದು ಏಕಾಂತದಲ್ಲಿ ಕುಳಿತು ಕಂಡುಕೊಳ್ಳಬೇಕಾದ ಸತ್ಯ. ನಾನು ಕಂಡುಕೊಂಡದ್ದು ಪುಣೆಯ ಬಿಬವೇವಾಡಿಯ ಸಿಗ್ನಲ್ಲಿನಲ್ಲಿ, ಆಗತಾನೇ ತೊಳೆಸಿ ತಂದ ನನ್ನ ಕಾರಿನ ಬಾನೆಟ್ ಮೇಲೆ ಪಕ್ಕದ ಟೆಂಪೋದವನು ಗುಟ್ಕಾ ಉಗಿದಾಗ.

ತೊಳೆಸಿ ತಂದ ಎಂದೆ; ಆ ಮಾತು ಸಾಲದು. ಈಗ ಅದಕ್ಕೆ ಡಿಟೇಲಿಂಗ್ ಎನ್ನುತ್ತಾರೆ. ಕಾರಿಗೆ ಮಾಡಿಸುವ ಅಭ್ಯಂಜನ ಎಂದು ತಿಳಿದುಕೊಳ್ಳಿ. ಮೈಯೆಲ್ಲ ನೊರೆ ಹಚ್ಚಿ, ತೊಳೆದು, ಉಜ್ಜಿ, ಮೇಲೆ ಗಾಜಿನಂಥ ಒಂದು ಲೇಪ ಕೊಟ್ಟು, ಕೊನೆಗೆ ಬಿಳಿ ದೀಪ ಹಿಡಿದು ಗೀರು ಹುಡುಕುತ್ತಾರೆ. ಸಿಕ್ಕ ಗೀರುಗಳ ಫೋಟೋ ತೆಗೆದು ವರದಿ ಬರೆಯುತ್ತಾರೆ. ನನಗೆ ಎಪ್ಪತ್ತು ತುಂಬಿದಾಗ ಮಗಳು ಇದನ್ನು ಉಡುಗೊರೆಯಾಗಿ ಕೊಟ್ಟಳು, ನಾಲ್ಕು ತಿಂಗಳಿಗೊಮ್ಮೆ. ಶಾಲು ಕೊಟ್ಟಿದ್ದರೆ ಹೊದ್ದುಕೊಂಡು ಸುಮ್ಮನೆ ಕೂಡಬಹುದಿತ್ತು. ಉಡುಗೊರೆ ಅವಳದಾದ್ದರಿಂದ ವರದಿಯೂ ಅವಳ ಫೋನಿಗೇ ಹೋಗುತ್ತಿತ್ತು. ಇದರ ಪೂರ್ಣ ಅರ್ಥ ನನಗೆ ಆಮೇಲೆ ಆಯಿತು.

ಆದದ್ದು ಗೇಟಿನ ಕಂಬದಿಂದ. ನಮ್ಮ ಸೊಸೈಟಿಯ ಗೇಟಿನ ಎಡಗಡೆ ಒಂದು ಕಂಬವಿದೆ. ಇಪ್ಪತ್ತು ವರ್ಷ ಅದು ತನ್ನ ಪಾಡಿಗೆ ತಾನಿತ್ತು. ಕಳೆದ ದೀಪಾವಳಿಯ ಹೊತ್ತಿಗೆ ಒಂದು ದಿನ ಅದಕ್ಕೆ ನನ್ನ ಕಾರಿನ ಎಡಬಾಗಿಲು ತಾಗಿತು. ಮಗಳು ಎರಡು ಕಟ್ಟಡದ ಆಚೆ ಇರುವವಳು. ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿ, ಅವಳು ಸೋಫಾದ ಮೇಲೆ ಕಾಯುತ್ತಿದ್ದಳು.

"ಅಪ್ಪಾ, ಇದು ಒಂದ ಸಲ ಮಾಫ್. ಇನ್ನೊಂದು ಗೆರಿ ಬಿದ್ರ ಕೀಲಿ ನಂಗ ಕೊಡಬೇಕು. ನಕ್ಕೀ?"

"ನಕ್ಕೀ," ಎಂದು ಮಾತು ಕೊಟ್ಟೆ. ಬೇರೆ ಏನು ಹೇಳಲಿ? ಕಂಬ ಮಾತಾಡುವುದಿಲ್ಲ.

ಕೀಲಿ ಹೋದರೆ ನನಗೆ ಪುಣೆಯಲ್ಲಿ ಯಾವ ನಷ್ಟವೂ ಇರಲಿಲ್ಲ. ಇಲ್ಲಿ ತರಕಾರಿಗೆ ನಡೆದು ಹೋಗುತ್ತೇನೆ, ಬ್ಯಾಂಕಿಗೆ ರಿಕ್ಷಾ ಇದೆ. ನಷ್ಟ ಇಲ್ಲಿಂದ ಎರಡು ತಾಸಿನ ದಾರಿಯ ದೌಂಡದಲ್ಲಿತ್ತು. ದೌಂಡದಲ್ಲಿ ನನ್ನ ಅಕ್ಕ ಇದ್ದಾಳೆ.

ಅಕ್ಕ ವಿಜಯಪುರದ ಕಡೆಯಿಂದ ಹದಿನೆಂಟನೆಯ ವಯಸ್ಸಿಗೆ ರೈಲ್ವೆಯವರೊಬ್ಬರನ್ನು ಮದುವೆಯಾಗಿ ದೌಂಡಕ್ಕೆ ಬಂದವಳು. ಭಾವ ತೀರಿಹೋದರು. ಮಗನೂ ರೈಲ್ವೆಯೇ, ಸೊಸೆ ಮರಾಠಿಯವಳು, ಒಳ್ಳೆಯವಳು, ಅತ್ತೆಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಅವಳು ಎದುರಿಗಿದ್ದಾಗ ನಾವಿಬ್ಬರೂ ಕನ್ನಡ ಮಾತಾಡಬಾರದು ಎಂಬುದು ಅಕ್ಕನೇ ಮಾಡಿದ ಕಾನೂನು. "ಪಾಪ, ತನ್ನ ಬಗ್ಗೆನೇ ಆಡ್ಲಿಕ್ಕತ್ತಾರ ಅಂತ ಅನಸ್ತದ ಆಕೀಗೆ," ಎನ್ನುತ್ತಾಳೆ. ಮೊಮ್ಮಕ್ಕಳಿಗೆ ಕನ್ನಡ ಬರುವುದಿಲ್ಲ. ಓಣಿಯಲ್ಲಿದ್ದ ಕನ್ನಡದ ಮನೆಗಳು ಒಂದೊಂದಾಗಿ ವರ್ಗವಾಗಿ ಹೋದವು. ಹೀಗಾಗಿ ಅಕ್ಕನಿಗೆ ಕನ್ನಡ ಮಾತಾಡಲು ಉಳಿದ ಜಾಗ ನನ್ನ ಕಾರಿನ ಮುಂದಿನ ಎಡಗಡೆಯ ಸೀಟು.

ಹದಿನೈದು ದಿನಕ್ಕೊಂದು ಗುರುವಾರ ಹೋಗುತ್ತಿದ್ದೆ. ಅವಳ ಮೊಣಕಾಲು ಎರಡೂ ಕೆಟ್ಟಿವೆ; ರಿಕ್ಷಾ ಕುಲುಕಿದರೆ ಪ್ರಾಣ ಹೋಗುತ್ತದೆ, ರೈಲಿನ ಮೆಟ್ಟಿಲಿನ ಮಾತೇ ಬೇಡ. ಕಾರನ್ನು ಹಿಂದಕ್ಕೆ ಹಾಕುತ್ತ ಅವಳ ಹೊಸ್ತಿಲಿಗೆ ತಂದು ಹಚ್ಚಿದರೆ ಅವಳು ಒಂದೇ ಹೆಜ್ಜೆಗೆ ಒಳಗೆ ಬರುತ್ತಿದ್ದಳು. ಬಾಗಿಲು ಹಾಕಿದ ಸದ್ದಿಗೆ ಕನ್ನಡ ಶುರು. ಭೀಮಾ ನದಿಯ ದಂಡೆಗೆ ಹೋಗಿ, ಕಾರು ನಿಲ್ಲಿಸಿ, ಗಾಜು ಇಳಿಸಿ ಎರಡು ತಾಸು ಕೂಡುತ್ತಿದ್ದೆವು. ಮಾತೇನು ದೊಡ್ಡದಲ್ಲ. ಸತ್ತುಹೋದ ನೆಂಟರನ್ನು ಅಕ್ಕ ಒಬ್ಬೊಬ್ಬರಾಗಿ ಎಬ್ಬಿಸಿ ಬೈದು ಮತ್ತೆ ಮಲಗಿಸುತ್ತಿದ್ದಳು. ಮರಾಠಿಯಲ್ಲಿ ಬೈದರೆ ಅವರಿಗೆ ತಿಳಿಯುವುದಿಲ್ಲ ಎಂಬುದು ಅವಳ ವಾದ.

"ಈ ನೀರು ನಮ್ಮ ಕಡೇನ ಹೋಗ್ತದಲ್ಲೋ," ಎಂದಳು ಒಮ್ಮೆ.

"ಹೌದು."

"ಹೋಗ್ಲಿ ಬಿಡು. ಅದಕ್ಕ ಕಾಲ ಬ್ಯಾನಿ ಇಲ್ಲ."

ಆದ್ದರಿಂದ, ಒಂದು ಡಿಟೇಲಿಂಗ್‌ನಿಂದ ಇನ್ನೊಂದರವರೆಗೆ ನಾಲ್ಕು ತಿಂಗಳು ಕಾರಿನ ಮೈಮೇಲೆ ಒಂದೂ ಗೀರು ಬೀಳದಂತೆ ನೋಡಿಕೊಳ್ಳುವುದು ನನ್ನ ವೃದ್ಧಾಪ್ಯದ ವ್ರತವಾಯಿತು. ಕಾರಿನ ಬಣ್ಣ ಕಡುನೀಲಿ. ಆ ಬಣ್ಣವನ್ನು ಆರಿಸಿದವನು ನಾನೇ. ಗಂಭೀರವಾಗಿ ಕಾಣುತ್ತದೆ ಎಂದು. ಕಡುನೀಲಿಯ ಮೇಲೆ ಧೂಳು, ಹಕ್ಕಿಯ ಹಿಕ್ಕೆ, ನೀರಿನ ಹನಿ, ಮನುಷ್ಯನ ಉಸಿರು, ಎಲ್ಲವೂ ಎದ್ದು ಕಾಣುತ್ತವೆ ಎಂದು ಷೋರೂಮಿನವನು ಹೇಳಲಿಲ್ಲ.

ಈ ಡಿಟೇಲಿಂಗ್ ಮಾಡುವ ಬಿಬವೇವಾಡಿಯ ಷೆಡ್ಡನ್ನು ನಡೆಸುವವಳು ಮೂವತ್ತೈದರ ಹೆಂಗಸು. ಮೊದಲ ಸಲ ನನ್ನೊಡನೆ ಮರಾಠಿಯಲ್ಲೇ ವ್ಯವಹರಿಸಿದಳು. ನಾನು ಹೆಂಡತಿಯ ಜೊತೆ ಫೋನಿನಲ್ಲಿ ಜಗಳವಾಡುವುದನ್ನು ಕೇಳಿ, "ಕಾಕಾ, ನಮ್ಮವರ ಅದೀರಲ್ರಿ!" ಎಂದಳು. ಅವಳ ಅಪ್ಪ ಅವ್ವ ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಅವಳು ಇಲ್ಲೇ ಮರಳಿನ ರಾಶಿಯ ಮೇಲೆ ಆಡಿ ಬೆಳೆದವಳು. ನಾನು ಅವಳ ಕಡೆಯವನೇ ಎಂದು ಗೊತ್ತಾದ ಮೇಲೆ ನಿಯಮಗಳನ್ನು ಕನ್ನಡದಲ್ಲೇ ಹೇಳಿದಳು. ಒಣ ಧೂಳನ್ನು ಬಟ್ಟೆಯಿಂದ ಒರೆಸಬಾರದು, ಧೂಳಿನ ಕಣವೇ ಗೀರು ಎಳೆಯುತ್ತದೆ. ಎರಡು ಬಕೆಟ್ ಇಟ್ಟುಕೊಂಡು ನೆರಳಿನಲ್ಲಿ ತೊಳೆಯಬೇಕು. ತೊಳೆದ ಕೂಡಲೇ ಅವಳು ಕೊಟ್ಟ ದಪ್ಪ ಮೆತ್ತನೆಯ ಬಟ್ಟೆಯಿಂದ ನೀರು ಒತ್ತಿ ತೆಗೆಯಬೇಕು. ಹಿಕ್ಕೆ ಬಿದ್ದರೆ ಕೆರೆಯದೆ ನೆನೆಸಿ ಎತ್ತಬೇಕು.

"ಮತ್ತ ಆ ಅರಿಬಿ ಕೆಳಗ ಬಿತ್ತಂದ್ರ ಗಾಡಿಗಿ ಮುಟ್ಟಸಬ್ಯಾಡ್ರಿ. ಉಸುಕ ಹಿಡಕೊಂಡಿರ್ತದ."

ಇಷ್ಟು ಮಡಿಯನ್ನು ನನ್ನ ಅಜ್ಜಿಯೂ ಮಾಡಲಿಲ್ಲ. ಆದರೂ ನಾನು ಒಪ್ಪಿಕೊಂಡೆ, ಏಕೆಂದರೆ ನಾನೂ ಆ ಜಾತಿಯವನೇ. ಮೂವತ್ತಕ್ಕೂ ಹೆಚ್ಚು ವರ್ಷ ಒಂದು ಬೇರಿಂಗ್ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದೆ. ಕೂದಲೆಳೆಯಷ್ಟು ಗೀರು ಕಂಡರೆ ಇಡೀ ಪೆಟ್ಟಿಗೆಯನ್ನು ವಾಪಸ್ ಕಳಿಸಿದವನು. ನನ್ನನ್ನು ಕಂಡರೆ ಮಷಿನ್ ಷಾಪಿನವರು ಚಹಾದ ಲೋಟ ಕೆಳಗಿಟ್ಟು ಎದ್ದು ಹೋಗುತ್ತಿದ್ದರು.

ನನ್ನ ಪಾರ್ಕಿಂಗ್ ಜಾಗ ಅತ್ತಿಮರದ ಕೆಳಗೆ. ಸೊಸೈಟಿಯ ಚೀಟಿ ಎತ್ತಿದಾಗ ನನಗೆ ಬಂದದ್ದು. ಹಗಲು ಮೈನಾಗಳು, ಆಮೇಲೆ ಬಾವಲಿಗಳು. ಎರಡು ಪಾಳಿಯಲ್ಲಿ ಕೆಲಸ ನಡೆಯುತ್ತಿತ್ತು, ರಜೆ ಇರಲಿಲ್ಲ. ಹಣ್ಣು ಬೀಳುತ್ತಿತ್ತು, ತಿಂದು ಮುಗಿಸಿದ ಹಣ್ಣೂ ಬೀಳುತ್ತಿತ್ತು. ದೌಂಡದ ದಾರಿಯಲ್ಲಿ ಯವತ ದಾಟಿದ ಮೇಲೆ ಕಬ್ಬಿನ ಟ್ರಾಲಿಗಳು. ಅವುಗಳ ಹಿಂದೆ ಸಿಕ್ಕಿಕೊಂಡರೆ ರವದಿಯ ಒಣಗರಿಗಳ ಮಳೆ. ನಾನು ಬೆಳಿಗ್ಗೆ ಎರಡು ಬಕೆಟ್ ಹಿಡಿದು ಇಳಿಯುವುದು, ತೊಳೆಯುವುದು, ಒತ್ತುವುದು, ಮೇಲೆ ಬಂದು ಬಾಲ್ಕನಿಯಿಂದ ನೋಡುವುದರೊಳಗೆ ಮೊದಲ ಮೈನಾ ತನ್ನ ಅಭಿಪ್ರಾಯ ತಿಳಿಸಿಯಾಗಿರುತ್ತಿತ್ತು.

"ತೊಳಿಯೂದು ನೀವು ಬಿಟ್ರ ಅವೂ ಬಿಡ್ತಾವು," ಎಂದಳು ಹೆಂಡತಿ. "ಅವಕ್ಕ ಸ್ವಚ್ಛ ಜಾಗಾ ಬೇಕು."

ಹೀಗೆ ಮೂರೂವರೆ ತಿಂಗಳು ಒಂದೂ ಗೀರಿಲ್ಲದೆ ಕಳೆದೆ. ಇದನ್ನು ದಾಖಲಿಸಬೇಕು, ಏಕೆಂದರೆ ಬೇರೆ ಯಾರೂ ದಾಖಲಿಸುವುದಿಲ್ಲ.

ಮುಂದಿನ ಡಿಟೇಲಿಂಗ್‌ಗೆ ಒಂದು ವಾರ ಇದ್ದಾಗ ಆ ದಪ್ಪ ಬಟ್ಟೆ ಕೈಜಾರಿ ನೆಲಕ್ಕೆ ಬಿತ್ತು. ನಿಯಮದ ಪ್ರಕಾರ ಅದು ಮೈಲಿಗೆ. ಬೇರೆ ಬಟ್ಟೆಯಿಂದ ಒರೆಸಲು ಧೈರ್ಯವಾಗಲಿಲ್ಲ. ನೀರು ತಾನೇ ಆರಲಿ ಎಂದು ಬಿಟ್ಟೆ. ಅಂದು ನಲ್ಲಿಗೆ ನೀರಿರಲಿಲ್ಲವಾದ್ದರಿಂದ ತೊಳೆದದ್ದು ಬೋರಿನ ನೀರು. ಬಿಸಿಲು ಬಂತು, ನೀರು ಆರಿತು, ಸುಣ್ಣ ಉಳಿಯಿತು. ಬಾನೆಟ್ಟಿನ ಮೇಲೆ, ಛಾವಣಿಯ ಮೇಲೆ, ನಾಲ್ಕೂ ಬಾಗಿಲುಗಳ ಮೇಲೆ ಬಿಳಿಯ ಉಂಗುರಗಳು. ಸಿಡುಬಿನಿಂದ ಎದ್ದ ರೋಗಿಯಂತೆ ಕಾಣುತ್ತಿತ್ತು ಕಾರು. ಮತ್ತೆ ತೊಳೆದೆ, ಹೋಗಲಿಲ್ಲ. ಮತ್ತೂ ತೊಳೆದೆ, ಉಂಗುರಗಳು ಹೆಚ್ಚಾದವು.

ವರದಿಯಲ್ಲಿ ಇವು ಬಂದರೆ ಮಗಳಿಗೆ ಉಂಗುರ ಯಾವುದು, ಗೆರೆ ಯಾವುದು? ಅಡಿಗೆಮನೆಗೆ ಹೋಗಿ ಕೂತೆ. ಹೆಂಡತಿ ಹಿತ್ತಾಳೆಯ ಚರಿಗೆ ಬೆಳಗುತ್ತಿದ್ದಳು.

"ಇದಕ್ಕ ಬೋರಿನ ನೀರಿನ ಕಲಿ ಕೂಡಂಗಿಲ್ಲೇನು?" ಎಂದು ಕೇಳಿದೆ.

"ಕೂಡತದ. ಹುಣಸಿಹಣ್ಣು, ಚೂರು ರಂಗೋಲಿ ಪುಡಿ ಹಚ್ಚಿ ತಿಕ್ಕಿದ್ರ ಹೋಗ್ತದ."

ಹುಳಿ ಸುಣ್ಣವನ್ನು ಕರಗಿಸುತ್ತದೆ ಎಂಬುದು ವಿಜ್ಞಾನ. ನಾನು ವಿಜ್ಞಾನದ ಮನುಷ್ಯ. ಒಂದು ಹಿಡಿ ಹುಣಸೆ ನೆನೆಹಾಕಿ, ಕಿವುಚಿ, ನಾರು ಬೀಜ ತೆಗೆದು, ನನ್ನ ಹಳೆಯ ಪಂಚೆಯ ಮೆತ್ತನೆಯ ತುದಿ ಹರಿದುಕೊಂಡು ಕೆಳಗಿಳಿದೆ. ರಂಗೋಲಿ ಪುಡಿಯನ್ನು ಚಿಟಿಕೆಯಷ್ಟೇ ಬಳಸಿದೆ. ಕಾರಿನ ಸುತ್ತ ಎರಡು ತಾಸು ಗುಂಡಗೆ, ಗುಂಡಗೆ ಉಜ್ಜಿದೆ. ವಾಚ್‌ಮನ್ ಬಂದು ನೋಡಿ, ಬಾಯಲ್ಲಿ ನೀರು ಬಂದಿರಬೇಕು, ನುಂಗಿಕೊಂಡು ಹೋದ. ಒಂದೊಂದೇ ಉಂಗುರ ಮಾಯವಾಯಿತು. ಮರದ ನೆರಳಿನಲ್ಲಿ ಕಾರು ಮದುಮಗನಂತೆ ಹೊಳೆಯಿತು. ನನಗೆ ಅಂಥ ಸಂತೋಷ ನಿವೃತ್ತಿಯ ನಂತರ ಆಗಿರಲಿಲ್ಲ. ಆಮೇಲೂ ಆಗಿಲ್ಲ.

ಮುಂದಿನ ವಾರ ಷೆಡ್ಡಿನಲ್ಲಿ ಅವಳು ಷಟರ್ ಅರ್ಧ ಇಳಿಸಿ ಬಿಳಿ ದೀಪ ಹಚ್ಚಿದಳು. ಬಾನೆಟ್ಟಿನ ಮೇಲೆ ಹಿಡಿದಳು. ನಾನೂ ನೋಡಿದೆ. ಬೆಳಕಿನ ಸುತ್ತ ಸಾವಿರಾರು ಕೂದಲೆಳೆಯ ಗೆರೆಗಳು, ಸುತ್ತಿ ಸುತ್ತಿ, ಜೇಡರ ಬಲೆಯಂತೆ. ಬಾನೆಟ್ಟಿನಿಂದ ಡಿಕ್ಕಿಯವರೆಗೆ. ನಾನು ತಪಾಸಣೆಗೆ ಕೂತಿದ್ದರೆ ಪೆಟ್ಟಿಗೆಯಲ್ಲ, ಲಾರಿಯನ್ನೇ ವಾಪಸ್ ಕಳಿಸುತ್ತಿದ್ದೆ.

"ಕಾಕಾ, ಖರೇ ಹೇಳ್ರಿ. ಏನ್ ಹಚ್ಚೀರಿ ಇದಕ್ಕ?"

"ನೀರು."

"ನೀರಿಗಿ ಇಷ್ಟ ಸಿಟ್ಟ ಬರಂಗಿಲ್ರಿ."

"ಹುಣಸಿಹಣ್ಣು," ಎಂದೆ.

ಅವಳು ದೀಪ ಕೆಳಗಿಳಿಸಿದಳು. "ಬೆಲ್ಲ ಹಾಕೀರೋ ಇಲ್ಲೋ?"

"ರಂಗೋಲಿ ಪುಡಿ. ಚಿಟಿಕೆಯಷ್ಟ."

"ಅಯ್ಯ ನಮ್ಮಪ್ಪಾ! ಅದು ಕಲ್ಲಿನ ಪುಡಿ ಅಲ್ರೇನ್ರಿ? ಕಲ್ಲ ಹೊಡದು ಹೊಡದು ನಮ್ಮವ್ವನ ಕೈ ಇನ್ನಾ ಹಂಗ ಅದಾವ. ನೀವು ಓದಿದಾವ್ರು ಗಾಡಿಗಿ ತಿಕ್ಕೀರಿ."

ಫೋಟೋ ತೆಗೆದಳು. ತೆಗೆಯದಿರಲು ಆಗುವುದಿಲ್ಲವೇ ಎಂದು ಕೇಳಿದೆ. ಫೋಟೋ ತೆಗೆದ ಕ್ಷಣವೇ ಮಗಳ ಫೋನಿಗೆ ತಾನಾಗಿ ಹೋಗುತ್ತದಂತೆ, ತೆಗೆಯದಿದ್ದರೆ ಕೆಲಸವೇ ಮುಂದೆ ಸಾಗದಂತೆ. ಆದರೆ ವರದಿಯಲ್ಲಿ ಒಂದು ಜಾಗ ಖಾಲಿ ಇತ್ತು. 'ಕಾರಣ' ಎಂಬ ಜಾಗ.

"ಬಳಕೆಯಿಂದ, ಅಂತ ಬರೀತೀನ್ರಿ ಕಾಕಾ. ಎಲ್ಲಾರಿಗೂ ಅದನ್ನ ಬರೀತೀನಿ. ಯಾರೂ ಏನೂ ಕೇಳಂಗಿಲ್ಲ."

ಇಲ್ಲಿ ನಾನು ಒಪ್ಪಿಕೊಂಡು ಮನೆಗೆ ಹೋಗಬೇಕಿತ್ತು. ಆದರೆ ಬಳಕೆಯಿಂದ ಎಂದರೆ ಓಡಿಸಿದ್ದರಿಂದ ಎಂದೇ ಅರ್ಥ. ಮಗಳು ಹಾಗೆಯೇ ಓದುತ್ತಾಳೆ ಎನಿಸಿತು. ನಾನು ಎಲ್ಲಿಯೂ ಬಡಿದಿರಲಿಲ್ಲ. ಮೂರೂವರೆ ತಿಂಗಳು ಆ ಕಂಬವನ್ನು ಒಂದು ಮಾರು ದೂರ ಬಿಟ್ಟು ದಾಟಿದ್ದೆ. ಮೇಲಾಗಿ, ಕಾರಣದ ಜಾಗದಲ್ಲಿ ಅಂಥ ಸಡಿಲ ಶಬ್ದ ಬರೆದ ಒಂದು ಕಾಗದಕ್ಕೂ ನಾನು ಸೇವೆಯಲ್ಲಿದ್ದಾಗ ಸಹಿ ಹಾಕಿದವನಲ್ಲ.

"ಇದ್ದದ್ದು ಬರಿ," ಎಂದೆ. "ಹುಣಸೆಹಣ್ಣು ಮತ್ತು ರಂಗೋಲಿ ಪುಡಿ. ಚಾಲನೆಯಿಂದ ಅಲ್ಲ."

"ಕಾಕಾ, ವಿಚಾರ ಮಾಡ್ರಿ."

"ಬರಿ."

ಬರೆದಳು.

ಸಂಜೆ ಮಗಳು ಬಂದಳು. ಫೋನನ್ನು ಮೇಜಿನ ಮೇಲೆ ಇಟ್ಟು, ಬಹಳ ಮೃದುವಾಗಿ ಮಾತಾಡಿದಳು. ಆ ಮೃದುತ್ವದಿಂದಲೇ ನನಗೆ ಗೊತ್ತಾಯಿತು.

"ಅಪ್ಪಾ, ನೀ ಎಲ್ಲೂ ಬಡದಿಲ್ಲ. ನಂಬತೀನಿ."

"ಹಾಂ. ಮುಗೀತಲ್ಲ."

"ಬಡದಿದ್ರ ಛಲೋ ಇತ್ತು. ಎಲ್ಲಾರೂ ಬಡೀತಾರ, ನಾನೂ ಬಡದೀನಿ. ಆದ್ರ ಕಾರಿಗೆ ರಂಗೋಲಿ ಪುಡಿ ಹಚ್ಚಿ ಎರಡು ತಾಸು ತಿಕ್ಕೋ ಮನಶಾ ಹೈವೇ ಮ್ಯಾಲೆ ಎಂಬತ್ತರಾಗ ಹೋಗೂದಂದ್ರ ನಂಗ ಭಾಳ ಅಂಜಿಕಿ ಆಗ್ತದ."

ನಾನು ಹೆಂಡತಿಯ ಕಡೆ ನೋಡಿದೆ.

"ನಾ ಚರಿಗಿ ಬಗ್ಗೆ ಹೇಳಿದ್ದೆ," ಎಂದಳು ಅವಳು. "ಅವರು ಕೇಳಿದ್ದೂ ಚರಿಗಿ ಬಗ್ಗೇನ."

ಅದು ನಿಜ. ಸಾಕ್ಷಿ ಅಲ್ಲಿಗೆ ಮುಗಿಯಿತು.

"ದೌಂಡ?" ಎಂದೆ.

"ದೌಂಡಕ್ಕ ಎಷ್ಟು ರೈಲು ಅದಾವ ಅಪ್ಪಾ! ಅತ್ತಿ ಮನ್ಯಾಗ ಕೂತು ಮಾತಾಡ್ರಿ ಆರಾಮ. ಕಾರಿನಾಗ ಕೂತು ಏನ್ ಮಾಡ್ತೀರಿ ಇಬ್ಬರೂ, ಹೊಳಿ ದಂಡೀಗೆ?"

ಅಕ್ಕನಿಗೆ ಕನ್ನಡ ಮಾತಾಡಲು ಕಾರು ಬೇಕು ಎಂದು ಹೇಳಬೇಕೆಂದು ಬಾಯಿ ತೆರೆದೆ. ಅಂದಿನ ಸ್ಥಿತಿಯಲ್ಲಿ, ಹುಣಸೆಹಣ್ಣಿನ ಮೇಲೆ ಇದನ್ನೂ ಹೇಳಿದ್ದರೆ, ಅವಳು ಮರುದಿನವೇ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದಳು. ಬಾಯಿ ಮುಚ್ಚಿಕೊಂಡೆ. ಕೀಲಿ ಗೋಡೆಯ ಮೊಳೆಯ ಮೇಲಿತ್ತು. ನಾನೇ ಎದ್ದು ತೆಗೆದುಕೊಟ್ಟೆ. ಮಾತು ಕೊಟ್ಟಿದ್ದೆನಲ್ಲ.

ಕಾರು ಈಗ ಮಗಳ ಕಟ್ಟಡದ ನೆಲಮಾಳಿಗೆಯಲ್ಲಿ ನಿಲ್ಲುತ್ತದೆ. ಅಲ್ಲಿ ಮರವಿಲ್ಲ, ಬಿಸಿಲಿಲ್ಲ, ಬೋರಿನ ನೀರೂ ಇಲ್ಲ. ಗೀರುಗಳನ್ನು ಆ ಷೆಡ್ಡಿನವಳು ಉಜ್ಜಿ ತೆಗೆದಿದ್ದಾಳೆ. ಬಹಳ ಸ್ವಚ್ಛವಾಗಿದೆ.

ನಾನು ಹದಿನೈದು ದಿನಕ್ಕೊಂದು ಗುರುವಾರ ರೈಲಿನಲ್ಲಿ ದೌಂಡಕ್ಕೆ ಹೋಗುತ್ತೇನೆ. ಅಕ್ಕ ಪಡಸಾಲೆಯ ಕುರ್ಚಿಯಲ್ಲಿ ಕೂತಿರುತ್ತಾಳೆ. ಸೊಸೆ ಚಹಾ ತಂದುಕೊಟ್ಟು, ಬಂದವರನ್ನು ಬಿಟ್ಟು ಒಳಗೆ ಹೋಗಬಾರದೆಂದು ನಮ್ಮ ಜೊತೆಯಲ್ಲೇ ಕೂಡುತ್ತಾಳೆ. ಎರಡು ತಾಸು ಮಾತಾಡುತ್ತೇವೆ, ಮರಾಠಿಯಲ್ಲಿ.