ಆರರ ಜಾಗದ ಓರೆ ವಜ್ರ

ನಮ್ಮ ದೊಡ್ಡಮ್ಮ ಹೆಂಗಸರ ಕೈಗಡಿಯಾರಗಳಿಗೆ ವಜ್ರ ಕೂರಿಸುತ್ತ ಮೂವತ್ತೊಂದು ವರ್ಷ ಸವೆಸಿದವಳು. ಕಾರ್ಖಾನೆಯಲ್ಲಿ ಅವಳನ್ನು ‘ಹದ್ದಿನಕಣ್ಣು’ ಎನ್ನುತ್ತಾರೆ. ಮನೆಯಲ್ಲಿ ಮಾತ್ರ ಅವಳಂಥ ಪುಕ್ಕಲಿ ಇನ್ನೊಬ್ಬಳಿಲ್ಲ. ನಾವು ಆಡಿಕೊಂಡು ನಗುತ್ತಿದ್ದೆವು. ಕಾರಣ ತಿಳಿದ ಮೇಲೆ ನಾಚಿಕೆಯಾಯಿತು.

ಕಾರ್ಖಾನೆಗೆ ಹೆಸರು ತಂದದ್ದು ಒಂದೇ ಮಾದರಿ. ಮೊಟ್ಟೆಯಾಕಾರದ ಪುಟ್ಟ ಮುಖ, ಸುತ್ತ ಹನಿಯಾಕಾರದ ಹನ್ನೆರಡು ವಜ್ರ. ಹನ್ನೊಂದು ನೆಟ್ಟಗೆ ಕೂತಿವೆ, ಆರರ ಜಾಗದ್ದು ತುಸು ಓರೆ. ಜಾರಲಿರುವ ಇಬ್ಬನಿಯನ್ನು ಕಂಡು ಸಂಸ್ಥಾಪಕರು ಹಾಗೆ ಚಿತ್ರಿಸಿದರಂತೆ. ಪ್ರತಿ ಪೆಟ್ಟಿಗೆಯೊಳಗಿನ ಚೀಟಿಯಲ್ಲೂ ಈ ಕತೆ ಇರುತ್ತದೆ.

ಕತೆ ಸುಳ್ಳು. ಮೊದಲ ಗಡಿಯಾರಕ್ಕೆ ಹರಳು ಕೂರಿಸಿದವಳು ಆಗಷ್ಟೇ ಕೆಲಸಕ್ಕೆ ಸೇರಿದ್ದ ದೊಡ್ಡಮ್ಮ. ಹರಳನ್ನು ಕಚ್ಚಿ ಹಿಡಿಯುವ ಚಿನ್ನದ ಹಲ್ಲನ್ನು ಒತ್ತುವಾಗ ಕೊನೆಗೆ ಉಳಿದಿದ್ದ ಆರರ ಜಾಗದ ವಜ್ರದ ಅಂಚಿನಿಂದ ಚಕ್ಕೆ ಎದ್ದಿತು. ಕೆಲಸ ಹೋದೀತೆಂದು ಜೀವ ಬಾಯಿಗೆ ಬಂತು. ಹರಳನ್ನು ಓರೆಯಾಗಿಸಿ, ಚಕ್ಕೆ ಎದ್ದ ಜಾಗವನ್ನು ಹಲ್ಲಿನಡಿ ಮುಚ್ಚಿಬಿಟ್ಟಳು. ಸಂಸ್ಥಾಪಕರು ನೋಡಿ, ಚೆನ್ನಾಗಿದೆ, ಎಲ್ಲವೂ ಹೀಗೇ ಇರಲಿ ಎಂದರು. ಅಂದಿನಿಂದ ಅವಳು ತನ್ನ ತಪ್ಪನ್ನೇ ಅಳತೆ ತಪ್ಪದಂತೆ ಸಾವಿರಾರು ಸಲ ಮಾಡಿದಳು, ಸಾವಿರಾರು ಸಲ ಹೆದರಿದಳು.

ಈ ವರ್ಷ ಪ್ರದರ್ಶನಕ್ಕೆಂದು ಆ ಮೊದಲ ಗಡಿಯಾರವನ್ನು ಹುಡುಕಿ ತಂದರು. ಹರಳುಗಳನ್ನೆಲ್ಲ ಬಿಡಿಸಿ ತೊಳೆಯಿರಿ, ನಾಳೆ ಹೊರಗಿನ ಪರೀಕ್ಷಕರು ಒಂದೊಂದನ್ನೂ ನೋಡುತ್ತಾರೆ ಎಂದು ಮ್ಯಾನೇಜರು ಅದನ್ನು ಅವಳ ಮೇಜಿನ ಮೇಲಿಟ್ಟು ಹೋದರು. ಅವಳು ಹನ್ನೊಂದನ್ನು ಬಿಡಿಸಿದಳು. ಕೊನೆಗುಳಿದ ಆರರ ಜಾಗದ್ದಕ್ಕೆ ಕೈ ಹೋಗಲಿಲ್ಲ. ಪಕ್ಕದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದ ನಾನು ಏನಾಯಿತೆಂದು ಕೇಳುವಷ್ಟರಲ್ಲಿ ಅವಳು ಎದ್ದು ಮ್ಯಾನೇಜರ ಕೋಣೆಗೆ ನಡೆದಳು. ನಾನೂ ಹಿಂದೆಯೇ ಹೋದೆ. ಅಲ್ಲಿ ಎಲ್ಲವನ್ನೂ ಹೇಳಿಬಿಟ್ಟಳು. ನಾನೂ ಕೇಳಿದ್ದು ಅದೇ ಮೊದಲು.

ಮ್ಯಾನೇಜರು ಎದ್ದು ಬಾಗಿಲು ಹಾಕಿ ಬಂದರು.

“ಅಮ್ಮಾ, ನಿಮ್ಗೆ ಕೈ ಮುಗೀತೀನಿ, ಹಳೇದೆಲ್ಲ ಯಾರಿಗೂ ಹೇಳ್ಬೇಡಿ. ಇವತ್ತು ಬಿಡಿಸುವಾಗ ಚಕ್ಕೆ ಎದ್ದಿತು ಅಂದ್ಬಿಡಿ.”

“ಆಮೇಲೆ ನನ್ನ ಕೆಲಸ?”

ಅವರು ಹೋಗಿ ಬಾಗಿಲು ತೆರೆದು ಹಿಡಿದರು.

ಮೇಜಿಗೆ ಮರಳಿದ ದೊಡ್ಡಮ್ಮ ಕೈ ಒರೆಸಿಕೊಂಡು, ನಾಳೆ ಕೇಳಿದರೆ ಇದ್ದದ್ದನ್ನೇ ಹೇಳುತ್ತೇನೆ ಎಂದಳು.  ಆ ಇಬ್ಬನಿಯ ಕತೆ ಹೋದರೆ ಗಡಿಯಾರ ಕೊಳ್ಳುವವರು ಯಾರು? ನನಗೂ ಇಲ್ಲೇ ಅನ್ನ.

“ಬೇಡ ದೊಡ್ಡಮ್ಮ,” ಎಂದೆ, “ಅವರು ಹೇಳಿದ ಹಾಗೇ ಹೇಳ್ಬಿಡು.”

ಅವಳು ಇಕ್ಕಳ ಕೈಗೆತ್ತಿಕೊಂಡಳು.

“ಈ ಹೆದರಿಕೆ ನಿನಗೂ ಅಂಟ್ತಾ?” ಎಂದು ಕೇಳಿ, ಆ ಓರೆ ಹರಳಿನ ಹಲ್ಲನ್ನು ಎತ್ತಿದಳು.