ಒಂದು ಮನೆಯೂ ಬಿದ್ದಿರಲಿಲ್ಲ

ನಾನು ಮದುವೆಯಾಗಿ ಚಿನ್ನದ ಗಣಿಯ ಊರಿಗೆ, ಮೈಸೂರು ಮೈನ್ಸಿನ ಕೂಲಿಗಳ ಲೈನ್ ಮನೆಗೆ ಬಂದಾಗ ನನ್ನ ಜೊತೆ ಬಂದದ್ದು ಒಂದು ಟ್ರಂಕು, ಎಸ್ಸೆಸ್ಸೆಲ್ಸಿ ಪಾಸಾದ ಜಂಬ ಮತ್ತು ಪೇಪರು ಓದುವ ಚಟ. ಟ್ರಂಕಿಗೆ ಅತ್ತೆ ಮೂಲೆಯಲ್ಲಿ ಜಾಗ ಕೊಟ್ಟರು. ಉಳಿದೆರಡಕ್ಕೆ ಆ ಮನೆಯಲ್ಲಿ ಜಾಗವಿರಲಿಲ್ಲ. ಮನೆ ಅಂದರೆ ಬಿದಿರು ತಟ್ಟಿಯ ಗೋಡೆ, ಮೇಲೆ ತಗಡು, ಒಂದೇ ಕೋಣೆ. ಪಕ್ಕದವರು ಒಗ್ಗರಣೆ ಹಾಕಿದರೆ ನಮಗೆ ಸೀನು ಬರುತ್ತಿತ್ತು. ಅತ್ತೆ, ನನ್ನ ಗಂಡ, ನಾನು, ಮೂವರೇ. ಮಾವ ಗಣಿಯ ಧೂಳು ಎದೆಗೆ ಕೂತು ತೀರಿಹೋಗಿದ್ದರು. ಅವರ ಜಾಗಕ್ಕೆ ಸೇರಿದ ನನ್ನ ಗಂಡ ದಿನವೂ ಕೇಜೆಂಬ ಕಬ್ಬಿಣದ ಗೂಡಿನಲ್ಲಿ ನಿಂತು ಶಾಫ್ಟಿನ ಬಾವಿಯಲ್ಲಿ ಒಂದೂವರೆ ಮೈಲಿ ಕೆಳಗೆ ಇಳಿಯುತ್ತಿದ್ದರು.

ಓದುವ ಚಟ ಅಪ್ಪನಿಂದ ಬಂದದ್ದು. ಅವರು ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ ಸ್ಕೂಲ್ ಮೇಷ್ಟ್ರು. ಬೂದಿಕೋಟೆ ನಮಗೆ ಹತ್ತಿರ, ಮೈಸೂರನ್ನಾಳಿದ ನವಾಬ ಹುಟ್ಟಿದ್ದು ಅಲ್ಲೇ. ಅವನ ಕಾಲದ ಸೈನಿಕರು ಕಬ್ಬಿಣದ ಕೊಳವೆಗೆ ಮದ್ದು ತುಂಬಿ, ಬಿದಿರಿಗೆ ಕಟ್ಟಿ ಇಂಗ್ಲಿಷರ ಮೇಲೆ ಹಾರಿಸಿದ್ದನ್ನು ಅಪ್ಪ ತಾವೇ ಬತ್ತಿ ಹಚ್ಚಿದವರ ಹಾಗೆ ಪಾಠ ಮಾಡುತ್ತಿದ್ದರು. "ಇಂಗ್ಲಿಷ್ನೋರು ಅದನ್ನ ಎತ್ಕೊಂಡೋಗಿ ತಮ್ದು ಮಾಡ್ಕೊಂಡ್ರು. ಲೋಕದಲ್ಲಿ ಯಾವನು ರಾಕೆಟ್ ಬಿಟ್ರೂ ಮೂಲ ನಮ್ ತಾಲ್ಲೂಕೇ" ಅನ್ನುವುದು ಅವರ ವಾದ. ತಾಲ್ಲೂಕಿನ ಮರ್ಯಾದೆ ನನ್ನ ಮೇಲಿದೆಯೆಂಬಂತೆ ಪೇಪರಿನಲ್ಲಿ ರಾಕೆಟ್ಟಿನ ಸುದ್ದಿ ಕಂಡರೆ ನಾನು ಬಿಡುತ್ತಿರಲಿಲ್ಲ.

ಲೈನಿನ ಕೊನೆಯ ಮನೆಯಲ್ಲಿ ಒಬ್ಬ ತಾತ ಇದ್ದರು. ದೊರೆಗಳ ಬಂಗಲೆಯಲ್ಲಿ ಬಟ್ಲರಾಗಿ ಜೀವ ಸವೆಸಿದವರು. ಮಾತು ಅರ್ಧ ತಮಿಳು, ಅರ್ಧ ಕನ್ನಡ, ಕೋಪ ಬಂದರೆ ಇಂಗ್ಲಿಷು. ಓದಲು ಬರುತ್ತಿರಲಿಲ್ಲ. ಹಿಂದಿನ ಮಹಾಯುದ್ಧದ ಕೊನೆಗೆ ಅವರ ದೊರೆಸಾನಿಯ ತಂಗಿ ಲಂಡನ್ನಿನಲ್ಲಿ ಅಂಗಡಿಯ ಮುಂದೆ ನಿಂತಿದ್ದಾಗ ಜರ್ಮನರ ರಾಕೆಟ್ ಬಿದ್ದು ಸತ್ತಿದ್ದಳು. ಸುದ್ದಿ ಬಂದ ದಿನ ದೊರೆಸಾನಿ ಅಡುಗೆಮನೆಗೆ ಬಂದು ತಾತನ ಮುಂದೆ ಅತ್ತಿದ್ದರಂತೆ. ಬಾಂಬು ಹಾಕಲು ವಿಮಾನ ಬೇಕು, ವಿಮಾನ ಬಂದರೆ ಗುಡುಗಬೇಕು. ಇದು ಯಾವುದೂ ಇಲ್ಲದೆ ಹೇಗೆ ಬಂತು ಅನ್ನುವುದು ತಾತನ ತಲೆ ಕೊರೆಯುತ್ತಿತ್ತು.

"ಸದ್ದು ಆಮೇಲೆ ಬರ್ತದೆ ಪಾಪಾ. ಮೊದ್ಲು ಮನೆ ಬೀಳ್ತದೆ, ಆಮೇಲೆ ಸದ್ದು. ನಿನ್ ಕಿವಿಗೆ ಸದ್ದು ಬಿತ್ತಾ, ನೀನು ಬದ್ಕಿದೀಯ ಅಂತ ಅರ್ಥ. ಅದೆಂಗೆ?" ಎಂದು ಕೇಳಿದರು. ಅದು ಸದ್ದಿಗಿಂತ ಜೋರಾಗಿ ಓಡುತ್ತೆ ತಾತಾ ಎಂದೆ. ಹೌದಾ ಎಂದರು. ಮಾರನೆಯ ದಿನದಿಂದ ಬಂಗಾರಪೇಟೆ ರೈಲಿಗೆ ಬರುವ ಪೇಪರನ್ನು ತಾವೇ ಕೊಂಡು ನನಗೆ ತಂದುಕೊಡತೊಡಗಿದರು.

ಓದುತ್ತಿದ್ದದ್ದು ಬೀದಿಯ ನಲ್ಲಿಯ ಹತ್ತಿರ. ಬೇತಮಂಗಲದ ಕೆರೆಯ ನೀರು ನಲ್ಲಿಗೆ ಯಾವಾಗ ಬರುತ್ತದೆಂದು ನೀರಿಗೇ ಗೊತ್ತಿರಲಿಲ್ಲ. ಬಿಂದಿಗೆ ಸಾಲಿಟ್ಟು ಕೂತ ಹೆಂಗಸರಿಗೆ ನಾನು ಲೋಕದ ಸುದ್ದಿ ಹಂಚುತ್ತಿದ್ದೆ. ಜರ್ಮನಿ ಸೋತ ಮೇಲೆ ಅಮೆರಿಕದವರೂ ರಷ್ಯಾದವರೂ ಅಲ್ಲಿಗೆ ನುಗ್ಗಿ, ಸತ್ತವರ ಮನೆಯ ಪಾತ್ರೆ ಹಂಚಿಕೊಂಡ ಹಾಗೆ, ಉಳಿದ ರಾಕೆಟ್ಟುಗಳನ್ನೂ ಅವನ್ನು ಮಾಡಿದವರನ್ನೂ ಹಂಚಿಕೊಂಡಿದ್ದರು. ಮೊದಲು ಅದನ್ನೇ ನಕಲು ಮಾಡಿದರು. ಆಮೇಲೆ ಚಿಕ್ಕದು ಮಾಡಿ, ಲಾರಿಯ ಮೇಲೆ ಮಲಗಿಸಿಕೊಂಡು ಹೋಗಿ ಬೇಕಾದ ಕಡೆ ಎತ್ತಿ ನಿಲ್ಲಿಸಿ ಬಿಡುವ ಹಾಗೆ ಮಾಡಿದರು. ಯುರೋಪಿನಲ್ಲಿ ಒಬ್ಬರ ಎದುರಿಗೆ ಒಬ್ಬರು ಅಂಥವನ್ನು ಇಟ್ಟುಕೊಂಡು ಕಾಯುತ್ತಿದ್ದರು. ಚೀನಾದವರೂ ರಷ್ಯಾದ್ದನ್ನು ನೋಡಿಕೊಂಡು ಒಂದನ್ನು ಹಾರಿಸಿಯಾಗಿತ್ತೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಇವಕ್ಕೆಲ್ಲ ಅಲ್ಪ ವ್ಯಾಪ್ತಿಯ ಕ್ಷಿಪಣಿ ಎಂದು ಹೆಸರು. ಅಲ್ಪ ಅಂದರೆ ಎಷ್ಟು ಎಂದು ಒಬ್ಬಳು ಕೇಳಿದಳು. ಲಂಡನ್ನಿಗೆ ಬಿದ್ದಂಥದ್ದನ್ನು ಬಂಗಾರಪೇಟೆ ಸ್ಟೇಷನ್ನಿನಲ್ಲಿ ಹಚ್ಚಿದರೆ ಮದರಾಸಿನಲ್ಲಿ ಬೀಳುತ್ತೆ, ಐದು ನಿಮಿಷ ಸಾಕು ಎಂದೆ. ಐದು ನಿಮಿಷದಲ್ಲಿ ಮದರಾಸು ಸೇರುವುದಕ್ಕೆ ಅಲ್ಪ ಎಂದು ಹೆಸರಿಟ್ಟವನ ತಲೆ ಕೆಟ್ಟಿರಬೇಕೆಂದು ಎಲ್ಲರೂ ನಕ್ಕರು. ಅತ್ತೆ ಮಾತ್ರ ನಗಲಿಲ್ಲ.

"ಮನೆ ಎಣ್ಣಿಗೆ ಯಾಕಮ್ಮೀ ಈ ಸುಡ್ಗಾಡು ಸುದ್ದಿ? ಸಾವು ಎಲ್ಲಿಂದ ಬತ್ತದೆ ಅಂತ ಓದ್ಕೊಂಡ್ರೆ ತಡವಾಗಿ ಬತ್ತದಾ?" ಎಂದರು.

ಅವರ ಸಿಟ್ಟಿಗೆ ಕಾರಣವಿತ್ತು. ನಮ್ಮಲ್ಲಿ ಸಾವು ಮೇಲಿಂದ ಬರುವುದಲ್ಲ. ಅಷ್ಟು ಆಳದಲ್ಲಿ ಬಂಡೆ ತನ್ನ ಮೇಲಿನ ಭಾರ ತಡೆಯಲಾರದೆ ತಾನಾಗಿಯೇ ಸಿಡಿಯುತ್ತದೆ. ಅದಕ್ಕೆ ಎಲ್ಲ ಭಾಷೆಯವರೂ ಬರ್ಸ್ಟ್ ಅನ್ನುತ್ತಿದ್ದರು. ನೆಲ ಒಮ್ಮೆ ಅದುರುತ್ತದೆ, ಪಾತ್ರೆಗಳು ಉರುಳುತ್ತವೆ. ಹೆಂಗಸರು ತಟ್ಟಿಗೆ ಬೆಂಕಿ ತಗಲದಿರಲೆಂದು ಒಲೆಗೆ ನೀರು ಸುರಿದು ಶಾಫ್ಟಿನ ಗೇಟಿಗೆ ಓಡುತ್ತಾರೆ. ಏನಾಯಿತು ಎಂದು ದಾರಿಯಲ್ಲಿ ಯಾರೂ ಕೇಳುವುದಿಲ್ಲ, ಯಾವ ಶಾಫ್ಟು ಎಂದಷ್ಟೇ ಕೇಳುತ್ತಾರೆ. ಪಾಳಿ ಬದಲಾಗುವಾಗ ಊದುವ ಸೈರನ್ನಿಗೆ ನಮ್ಮಲ್ಲಿ ಸಂಗು ಎಂದು ಹೆಸರು. ಹೊತ್ತಲ್ಲದ ಹೊತ್ತಿನಲ್ಲಿ ಸಂಗು ಊದಿತೆಂದರೆ ಕೆಳಗೆ ಯಾರಿಗೋ ಏನೋ ಆಗಿದೆ ಎಂದೇ ಅರ್ಥ.

ನನ್ನ ಗಂಡ ಇದನ್ನೆಲ್ಲ ತಮಾಷೆ ಮಾಡುತ್ತಿದ್ದರು. ಆ ವರ್ಷ ರಷ್ಯಾದವರು ಕ್ಯೂಬಾಕ್ಕೆ ಕ್ಷಿಪಣಿ ಸಾಗಿಸಿ, ಇಡೀ ಲೋಕವೇ ಸುಟ್ಟುಹೋಗುತ್ತದೆಂದು ಪೇಪರುಗಳು ಬರೆಯುತ್ತಿದ್ದವು. ನಾನು ಹೆದರಿಕೊಂಡು ಓದಿ ಹೇಳಿದರೆ ಅವರು ಮುದ್ದೆ ಮುರಿಯುತ್ತಾ, "ನಮ್ಗೇನ್ಲೇ ಭಯ? ಅಷ್ಟು ಕೆಳಕ್ಕೆ ಯಾವನ್ ಬಾಂಬೂ ಬರಕ್ಕಿಲ್ಲ. ನಾವು ಶಿಫ್ಟ್ ಮುಗ್ಸಿ ಮೇಲೆ ಬತ್ತೀವಿ, ನೋಡಿದ್ರೆ ಊರೇ ಇರಕ್ಕಿಲ್ಲ. ಮುದ್ದೆ ತೊಳ್ಸೋರಿಲ್ವಲ್ಲಪ್ಪ ಅಂತ ಅಳ್ತಾ ಕೂತ್ಕೋಬೇಕಷ್ಟೆ" ಎಂದರು. ಅತ್ತೆ ಸೌಟಿನಿಂದ ಅವರ ಬೆನ್ನಿಗೆ ಒಂದು ಕೊಟ್ಟರು. ನನಗೆ ನಗು ತಡೆಯಲಾಗಲಿಲ್ಲ. ಅವರನ್ನು ನಾನು ಬಹಳ ಪ್ರೀತಿಸುತ್ತಿದ್ದೆ. ಆ ಕಾಲದಲ್ಲಿ ಅದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಅದೇ ದಿನಗಳಲ್ಲಿ ಚೀನಾದ ಜೊತೆ ಯುದ್ಧವೇ ಶುರುವಾಗಿತ್ತು. ಚಿನ್ನದ ಗಣಿಗೆ ಬಾಂಬು ಬಿದ್ದೇ ಬೀಳುತ್ತದೆಂದು ನಮ್ಮ ಊರಿನ ದೊಡ್ಡ ಮನುಷ್ಯರು ನಿರ್ಧರಿಸಿಬಿಟ್ಟರು. ಬಿದ್ದರೆ ನಮಗೂ ಒಂದು ಗೌರವವೆಂಬ ಹಾಗಿತ್ತು ಅವರ ಮಾತು. ಒಂದು ಸಮಿತಿ ಮಾಡಿಕೊಂಡು ಲೈನುಗಳ ಹಿಂದೆ ಕಂದಕ ತೋಡಿಸಿದರು. ನನ್ನ ಗಂಡನೂ ರಜದ ದಿನ ಹೋಗಿ ತೋಡಿದರು. ಹೊತ್ತಲ್ಲದ ಹೊತ್ತಿನಲ್ಲಿ ಸಂಗು ಊದಿದರೆ ಎಲ್ಲರೂ ಕಂದಕಕ್ಕೆ ಇಳಿಯಬೇಕು, ಬಿಡುಗಡೆಯ ಸಂಗು ಊದುವವರೆಗೆ ಏಳಬಾರದು, ಪರೀಕ್ಷೆಗಾಗಿ ಯಾವಾಗ ಬೇಕಾದರೂ ಊದಬಹುದು ಎಂದು ತಮಟೆ ಹೊಡೆಸಿ ಸಾರಿದರು.

"ಅದು ನಮ್ ಸಂಗು. ಅದನ್ನ ಇವ್ರಿಗೆ ಯಾಕ್ ಕೊಟ್ರು?" ಎಂದು ಅತ್ತೆ ಗೊಣಗಿದರು. ಅವರ ಗೊಣಗಾಟ ಯಾರಿಗೆ ಬೇಕಿತ್ತು? ಸಂಗು ಊದಿದಾಗಲೆಲ್ಲ ನಾವು ಇಳಿದೆವು, ಹತ್ತಿದೆವು, ಸೆರಗಿನ ಮಣ್ಣು ಕೊಡವಿಕೊಂಡೆವು. ಕೊನೆಕೊನೆಗೆ ಕಾಲು ತಾನಾಗಿಯೇ ಆ ಕಡೆ ಹೋಗುತ್ತಿತ್ತು.

ಒಂದು ಮಧ್ಯಾಹ್ನ ನಾನು ಅವರೆಕಾಯಿ ಸುಲಿಯುತ್ತಿದ್ದೆ. ನನ್ನ ಗಂಡನದು ಹಗಲು ಪಾಳಿ. ಇದ್ದಕ್ಕಿದ್ದಂತೆ ನೆಲ ಅದುರಿತು. ಅಟ್ಟದ ಮೇಲಿನ ಬಿಂದಿಗೆ ಬಿತ್ತು, ತಗಡು ಕಿರುಗುಟ್ಟಿತು, ಆಮೇಲೆ ಎಲ್ಲಿಂದಲೋ ಒಂದು ದಪ್ಪ ಸದ್ದು. ಅತ್ತೆ ಒಲೆಗೆ ನೀರು ಸುರಿದು ಬಾಗಿಲಿಗೆ ಬರುವುದಕ್ಕೂ ಸಂಗು ಊದುವುದಕ್ಕೂ ಸರಿಹೋಯಿತು. ಲೈನಿನ ಹೆಂಗಸರೆಲ್ಲ ಹೊರಗಿದ್ದರು. ಒಂದು ಕ್ಷಣ ಯಾರಿಗೂ ಯಾವ ಕಡೆ ಓಡಬೇಕೋ ತಿಳಿಯಲಿಲ್ಲ. ತೋಳಿಗೆ ಪಟ್ಟಿ ಕಟ್ಟಿಕೊಂಡ ಸಮಿತಿಯವನೊಬ್ಬ, "ಕಂದಕಕ್ಕೆ, ಕಂದಕಕ್ಕೆ!" ಎಂದು ಕೂಗಿದ. ನಾವು ಕಂದಕಕ್ಕೆ ಓಡಿದೆವು.

ತಲೆ ತಗ್ಗಿಸಿ ಕೂತ ಮೇಲೆ ಅತ್ತೆ ನನ್ನ ಮುಂಗೈ ಹಿಡಿದುಕೊಂಡರು. ಉಗುರು ನಾಟಿತು.

"ಅಮ್ಮೀ, ಇದು ಅದೇನಾ? ನೀನು ಓದ್ತಿದ್ಯಲ್ಲ, ಅದೇನಾ?"

"ಗೊತ್ತಿಲ್ಲ ಅತ್ತೆ."

"ಅದೇ ಆಗಿರ್ಲಿ ಕಣಮ್ಮೀ. ಅದೇ ಬಿದ್ದಿರ್ಲಿ. ಮೇಲಿಂದ ಬಿದ್ದಿದ್ರೆ ನನ್ ಮಗ ಕೆಳಗೆ ಚೆನ್ನಾಗಿರ್ತಾನೆ."

ಪೇಪರು ಮುಟ್ಟಬೇಡ ಅನ್ನುತ್ತಿದ್ದ ಹೆಂಗಸು ಕ್ಷಿಪಣಿ ಬಿದ್ದಿರಲಿ ಎಂದು ಬೇಡುತ್ತಿದ್ದಳು. ಅಕ್ಕಪಕ್ಕದವರಿಗೂ ಮಾತು ಕೇಳಿಸಿತ್ತು. "ಗುಂಡುದಾನ್ ಅಕ್ಕಾ, ಗುಂಡುದಾನ್" ಎಂದು ಒಬ್ಬಳು ತಮಿಳಿನಲ್ಲಿ ಹೇಳಿದಳು. "ಬಾಂಬೇಲೇ ಅಮ್ಮಾ" ಎಂದು ಇನ್ನೊಬ್ಬಳು ತೆಲುಗಿನಲ್ಲಿ ಅದನ್ನೇ ಅಂದಳು. ಊರ ಮೇಲೆ ಬಾಂಬು ಬಿದ್ದಿದ್ದರೆ ಮಾರಿಯಮ್ಮನಿಗೆ ಕೋಳಿ ಕೊಡುತ್ತೇನೆಂದು ಮೂರನೆಯವಳು ಹರಕೆ ಹೊತ್ತಳು. ಎಲ್ಲರ ಗಂಡಂದಿರೂ ಮಕ್ಕಳೂ ಕೆಳಗಿದ್ದರು. ನಾನೂ ಬೇಡಿಕೊಂಡೆ. ಯಾರ ಮನೆಯ ಮೇಲೆ ಬೇಕಾದರೂ ಬೀಳಲಿ, ಸ್ಕೂಲಿನ ಮೇಲೆ ಬೇಕಾದರೂ ಬೀಳಲಿ ಎಂದು ಬೇಡಿಕೊಂಡೆ.

ಅತ್ತೆ ನಮ್ಮ ಜೊತೆಗೇ ಇಳಿದು ಕೂತಿದ್ದ ತಾತನ ಕಡೆ ತಿರುಗಿದರು. "ಅಣ್ಣಾ, ನಿಜ ಏಳು. ಮೊದ್ಲು ನೆಲ ಅಲ್ಲಾಡ್ತು, ಸದ್ದು ಆಮೇಲೆ ಬಂತು. ಅದು ಅಂಗೇ ಅಲ್ವಾ?"

ನಲವತ್ತು ವರ್ಷ ಆ ನೆಲದ ಮೇಲೆ ಬದುಕಿದ ಮನುಷ್ಯ. ಬರ್ಸ್ಟ್ ಹೇಗಿರುತ್ತದೆಂದು ಅವರಿಗೆ ಗೊತ್ತಿಲ್ಲವೇ? ತಾತ ಅತ್ತೆಯ ಮುಖ ನೋಡದೆ ಕಂದಕದ ಮಣ್ಣನ್ನು ಕೈಯಲ್ಲಿ ಪುಡಿ ಮಾಡುತ್ತಾ, "ಆಮಾ ತಂಗಚ್ಚಿ. ಅಂಗೇ. ದೊರೆಸಾನಿ ಏಳಿದ್ದೂ ಅಂಗೇ" ಎಂದರು.

ನನಗೆ ತಡೆಯಲಾಗಲಿಲ್ಲ. ಪಟ್ಟಿಯವನು ಗದರಿದರೂ ಕೇಳದೆ ಮಣ್ಣಿನ ದಿಬ್ಬ ಹತ್ತಿ ನಿಂತೆ. ಇಡೀ ಊರು ಕಾಣುತ್ತಿತ್ತು. ಚಿನ್ನ ತೆಗೆದು ಬಿಸಾಡಿದ ಮಣ್ಣಿನ ಸೈನೈಡ್ ಗುಡ್ಡ ಬೆಳ್ಳಗೆ ಹಾಗೇ ಕೂತಿತ್ತು. ಪಕ್ಕದ ಗಣಿ ಚಾಂಪಿಯನ್ ರೀಫ್ಸಿನ ಕಡೆಯ ತಗಡುಗಳೆಲ್ಲ ಸಾಲಾಗಿ ಹೊಳೆಯುತ್ತಿದ್ದವು. ಯಾರದೋ ಸೀರೆ ಹಗ್ಗದ ಮೇಲೆ ಒಣಗುತ್ತಿತ್ತು. ಎಲ್ಲ ದಿಕ್ಕಿಗೂ ತಿರುಗಿ ಹುಡುಕಿದೆ. ಒಂದು ಮನೆಯೂ ಬಿದ್ದಿರಲಿಲ್ಲ. ಅಷ್ಟು ಭಯಂಕರವಾದ ನೋಟವನ್ನು ನಾನು ಆಮೇಲೆ ಎಂದೂ ಕಂಡಿಲ್ಲ.

"ಎಲ್ಲಿ ಬಿದ್ದದೆ ಅಮ್ಮೀ? ಯಾವ್ ಕಡೆ ಒಗೆ ಎದ್ದದೆ?" ಎಂದು ಅತ್ತೆ ಕೆಳಗಿನಿಂದ ಕೂಗಿದರು.

"ಎಲ್ಲೂ ಬಿದ್ದಿಲ್ಲ ಅತ್ತೆ."

ಆಮೇಲೆ ಯಾವ ಪಟ್ಟಿಯವನ ಮಾತೂ ನಡೆಯಲಿಲ್ಲ. ಎಲ್ಲರೂ ಗೇಟಿಗೆ ಓಡಿದೆವು.

ಸಂಜೆಯವರೆಗೂ ಕೇಜು ಏರಿಳಿಯಿತು. ಒಬ್ಬೊಬ್ಬರಾಗಿ ಮೇಲೆ ಬಂದರು, ಕೆಲವರು ನಡೆದು, ಕೆಲವರು ಸ್ಟ್ರೆಚರಿನಲ್ಲಿ. ಕೋಳಿಯ ಹರಕೆ ಹೊತ್ತವಳ ಗಂಡ ನಡೆದೇ ಬಂದ. ಕೊನೆಗೆ ಕೆಳಗೆ ನಮ್ಮವರೊಬ್ಬರೇ ಉಳಿದರು. ಮುಂದೆ ಹೋಗಿ ಸುರಂಗದ ಸೂರಿಗೆ ಕೊಟ್ಟ ಮರದ ಆಸರೆಯನ್ನು ನೋಡಿ ಬರುತ್ತೇನೆಂದು ಹೋಗಿದ್ದರಂತೆ. ಅವರಿಗೂ ಉಳಿದವರಿಗೂ ನಡುವೆ ಬಂಡೆ ಕುಸಿದಿತ್ತು. ಆಚೆಯಿಂದ ಪೈಪು ಬಡಿಯುವ ಸದ್ದು ಬರುತ್ತಿದೆ, ಬದುಕಿದ್ದಾನೆ ಎಂದು ಕೆಳಗಿನಿಂದ ಬಂದವರು ಹೇಳಿದರು. ಅತ್ತೆ ಅವರ ಕಾಲು ಹಿಡಿದುಕೊಂಡರು.

ನಾವು ಹಗಲೂ ರಾತ್ರಿ ಗೇಟಿನ ಹತ್ತಿರವೇ ಕೂತೆವು. ಎದುರಿನ ಟೀ ಅಂಗಡಿಯ ರೇಡಿಯೋದಲ್ಲಿ ಆ ದಿನಗಳಲ್ಲೇ ಸುದ್ದಿ ಬಂತು. ಚೀನಾದವರು ಯುದ್ಧ ನಿಲ್ಲಿಸಿದ್ದರು. ಕ್ಯೂಬಾದ ಕ್ಷಿಪಣಿಗಳು ಹಡಗು ಹತ್ತಿ ವಾಪಸಾಗಿದ್ದವು. ಅಂಗಡಿಯವನು ಬಂದವರಿಗೆಲ್ಲ ಸಕ್ಕರೆ ಹೆಚ್ಚು ಹಾಕಿ ಟೀ ಕೊಟ್ಟ. ಗಂಡಾಂತರ ತಪ್ಪಿತು, ಲೋಕ ಉಳಿಯಿತು ಎಂದು ಜನ ಮಾತಾಡಿಕೊಂಡರು. ಆ ಲೋಕವನ್ನು ಒದ್ದುಬಿಡಬೇಕು ಅನ್ನಿಸಿತು ನನಗೆ.

ಕೆಳಗೆ ಅಗೆಯುತ್ತಿದ್ದ ತಂಡದ ಮೇಸ್ತ್ರಿ ಒಂದು ಬೆಳಿಗ್ಗೆ ಮೇಲೆ ಬಂದರು. ಮಾವನ ಜೊತೆ ದುಡಿದವರು. ಮುಖದ ಧೂಳು ಒರೆಸಿಕೊಳ್ಳದೆ ಅತ್ತೆಯ ಮುಂದೆ ಕುಕ್ಕುರುಗಾಲಲ್ಲಿ ಕೂತರು.

"ಅಕ್ಕಾ, ಬಂಡೆ ಇನ್ನೂ ಸಿಡೀತಾನೇ ಅದೆ. ಮುಂದಕ್ಕೋದ್ರೆ ಅದು ನಮ್ಮೇಲೆ ಬಂದ್ರೂ ಬರ್ಬೋದು. ಆದ್ರೂ ನೀನು ಊಂ ಅಂದ್ರೆ ಇಳೀತೀವಿ. ಉಡುಗ್ರು ರೆಡಿ ಅವ್ರೆ."

"ಪೈಪಿನ ಸದ್ದು ಬತ್ತಾ ಅದಾ?"

"ನಿನ್ನೆ ಬತ್ತಿತ್ತು. ಇವತ್ತು ಇಲ್ಲ."

ಅತ್ತೆ ಶಾಫ್ಟಿನ ಕಡೆ ನೋಡಿದರು. ಅಲ್ಲಿ ನಾಲ್ಕೈದು ಜನ ಗೋಡೆಗೆ ಒರಗಿ ನಿಂತಿದ್ದರು, ಒಬ್ಬನಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ.

"ಅವ್ರಿಗೆಲ್ಲ ಅಮ್ಮ ಅವ್ಳೇನಪ್ಪಾ?"

"ಅವ್ರೆ ಅಕ್ಕಾ."

"ಅವ್ರೂ ಬಂದು ನನ್ ಪಕ್ಕ ಕೂತ್ಕೋಬೇಕಾ? ಬೇಡ. ಬಿಟ್ಬಿಡಪ್ಪ."

ಮೇಸ್ತ್ರಿ ಅತ್ತೆಯ ಕಾಲು ಮುಟ್ಟಿ ಎದ್ದುಹೋದರು. ಆ ಜಾಗವನ್ನು ಮುಚ್ಚಿದರು. ದೇಹ ಸಿಗಲಿಲ್ಲ, ಇವತ್ತಿಗೂ ಅಲ್ಲೇ ಇದೆ.

ಅಂಥ ತಾಯಿ ಇಲ್ಲ ಎಂದು ಲೈನಿನವರೆಲ್ಲ ಅತ್ತೆಯನ್ನು ಕೊಂಡಾಡಿದರು. ಸಾಯುವ ತನಕ ನಾನು ಅವರನ್ನು ನೋಡಿಕೊಂಡೆ, ಅವರ ದೊಡ್ಡತನ ನನಗೂ ಗೊತ್ತು. ಆದರೆ ಮೇಸ್ತ್ರಿ ಅತ್ತೆಯನ್ನು ಕೇಳಿದರು, ಅತ್ತೆ ಹೇಳಿದರು. ಪಕ್ಕದಲ್ಲೇ ಕೂತಿದ್ದ ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ, ಅಗೆಯಿರಿ ಅನ್ನುತ್ತಿದ್ದೆ.